ಶಂಖ, ಅರಗು, ನೀಲಿ: ಮಾನಸೋಲ್ಲಾಸದ ವರ್ಣವಿಚಾರ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಇದಕ್ಕೆ ‘ಅಭಿಲಷಿತಾರ್ಥಚಿಂತಾಮಣಿ’ಯೆಂಬ ಹೆಸರೂ ಉಂಟು. ನಮ್ಮ ವಿದ್ಯಾವಂತರಲ್ಲಿ ಈ ಗ್ರಂಥದ ಹೆಸರನ್ನು ಕೇಳದವರು ವಿರಳ. ಆದರೆ ಅದು ಅವರ ಕಿವಿಗೆ ಬಿದ್ದಿರುವುದು ಬಹುಮಟ್ಟಿಗೆ ಅಡುಗೆಮನೆಯ ದಾರಿಯಿಂದ. ಇಡ್ಲಿಯ ಪೂರ್ವಜವೆನ್ನಲಾದ ‘ಇಡ್ಡರಿಕೆ’ಯನ್ನು ಅರಸಿಕೊಂಡು ಅನ್ನಭೋಗದ ಪ್ರಕರಣಕ್ಕೆ ಹೋಗುವವರು ಅದೇ ವಿಂಶತಿಯ ಆರಂಭದಲ್ಲಿಯೇ ಇರುವ ಚಿತ್ರಪ್ರಕರಣವನ್ನು ದಾಟಿಕೊಂಡು ಹೋಗುತ್ತಾರೆ. ಚಿತ್ರಕಲೆಯ ಇತಿಹಾಸವನ್ನು ಬರೆದ ವಿದ್ವಾಂಸರು ಆ ಪ್ರಕರಣವನ್ನು ಉಪಯೋಗಿಸಿಕೊಂಡಿಲ್ಲವೆಂದಲ್ಲ. ಅವರು ಅದರಿಂದ ಗೋಡೆಗೆ ಗಾರೆ ಬಳಿಯುವ ಕ್ರಮವನ್ನೂ ಪ್ರಮಾಣಲಕ್ಷಣಗಳನ್ನೂ ಚಿತ್ರಗಳ ವಿಭಾಗವನ್ನೂ ಎತ್ತಿಕೊಂಡಿದ್ದಾರೆ. ಬಣ್ಣಗಳ ಮೇಳನವನ್ನು ಹೇಳುವ ಕೆಲವೇ ಶ್ಲೋಕಗಳು ಮಾತ್ರ ಪಟ್ಟಿಯಂತೆ ತೋರುವುದರಿಂದಲೋ ಏನೋ, ಅವುಗಳ ಹಿಂದಿರುವ ಬುದ್ಧಿಯನ್ನು ಯಾರೂ ಸಾವಧಾನವಾಗಿ ವಿಚಾರಿಸಿದಂತೆ ಕಾಣುವುದಿಲ್ಲ. ಪ್ರಕೃತ ಲೇಖನದ ಉದ್ದೇಶ ಅಷ್ಟೇ.

ಈ ವಿಚಾರ ಬಂದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ವರ್ಣಸಿದ್ಧಾಂತವೆಂಬುದು ಐರೋಪ್ಯರ ಸೊತ್ತು, ನಮ್ಮ ಚಿತ್ರಕಾರರಲ್ಲಿದ್ದುದು ಕೈಚಳಕ ಮಾತ್ರ ಎನ್ನುವುದು ಒಂದು. ನ್ಯೂಟನ್ನನಿಗಿಂತ ಸಾವಿರ ವರ್ಷ ಮೊದಲೇ ನಮ್ಮವರು ಎಲ್ಲವನ್ನೂ ಬಲ್ಲವರಾಗಿದ್ದರು ಎನ್ನುವುದು ಇನ್ನೊಂದು. ಮೊದಲನೆಯದು ಕಲಾಶಾಲೆಗಳಲ್ಲಿ ಹೆಚ್ಚು; ಎರಡನೆಯದು ಸಭೆಗಳಲ್ಲಿ ಹೆಚ್ಚು. ಗ್ರಂಥವನ್ನು ಮುಂದಿಟ್ಟುಕೊಂಡು ನೋಡಿದರೆ ಎರಡೂ ನಿಲ್ಲಲಾರವು. ಸೋಮೇಶ್ವರನಿಗೆ ಬಣ್ಣವೆಂದರೆ ಒಂದು ದ್ರವ್ಯ. ಅದಕ್ಕೆ ತೂಕವುಂಟು, ಬಲವುಂಟು, ಸ್ವಭಾವವುಂಟು. 19ನೆಯ ಶತಮಾನದ ಫ್ರಾನ್ಸಿನಲ್ಲಿ ಬೆಳೆದ ಶಾಸ್ತ್ರಕ್ಕೆ ಬಣ್ಣವೆಂದರೆ ಕಣ್ಣಿನಲ್ಲಿ ಹುಟ್ಟುವ ಅನುಭವ. ನೆರೆಯ ಬಣ್ಣ ಬದಲಾದರೆ ಅದೂ ಬದಲಾಗುತ್ತದೆ. ಒಂದು ಕಂಡದ್ದನ್ನು ಇನ್ನೊಂದು ಕಾಣಲಿಲ್ಲ.

ಮೊದಲು ಗ್ರಂಥದ ವಿಷಯ. ಐದು ವಿಂಶತಿಗಳು, ವಿಂಶತಿಗೆ ಇಪ್ಪತ್ತರಂತೆ ನೂರು ಅಧ್ಯಾಯಗಳು. ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು 1926ರಲ್ಲಿ ಇದರ ಮೊದಲ ಭಾಗವನ್ನು ಪ್ರಕಟಿಸಿದರು. ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರ ಸಂಪಾದನೆಯಲ್ಲಿ 1925, 1939, 1961ನೆಯ ಇಸವಿಗಳಲ್ಲಿ ಮೂರು ಸಂಪುಟಗಳು ಬಂದವು. ಚಿತ್ರಪ್ರಕರಣವಿರುವುದು ಮೂರನೆಯ ವಿಂಶತಿಯಲ್ಲಿ, ಗೃಹೋಪಭೋಗದ ಅಂಗವಾಗಿ. ಇದನ್ನು ವಾಚಕರು ಗಮನಿಸಬೇಕು. ಅರಸನು ಚಿತ್ರವನ್ನು ದೇವಾಲಯದ ಸೇವೆಯೆಂದಾಗಲಿ ಮೋಕ್ಷಸಾಧನವೆಂದಾಗಲಿ ಇಲ್ಲಿ ಎತ್ತಿಕೊಂಡಿಲ್ಲ. ವಾಸದ ಮನೆಯ ಗೋಡೆಗೆ ಒಪ್ಪುವ ಸುಖವೆಂದು ಎತ್ತಿಕೊಂಡಿದ್ದಾನೆ. ಆದುದರಿಂದಲೇ ಮಾತು ಮೊದಲಿನಿಂದ ಕೊನೆಯವರೆಗೂ ಕೆಲಸದ ಮಾತು. ತನ್ನನ್ನು ‘ಚಿತ್ರವಿದ್ಯಾವಿರಿಂಚಿ’ ಎಂದು ಕರೆದುಕೊಳ್ಳುವಷ್ಟು ಹೆಮ್ಮೆ ಈ ಅರಸನಿಗಿತ್ತು. ಕೆಳಗಿನ ವಿವರಗಳನ್ನು ಓದಿದರೆ ಆ ಹೆಮ್ಮೆ ಪೂರ್ತಿ ಪೊಳ್ಳೆಂದು ತೋರುವುದಿಲ್ಲ.

ಕೋಣದ ಹಸಿ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಬೇಯಿಸಿ, ಕಡ್ಡಿಗಳನ್ನಾಗಿ ಮಾಡಿ ಒಣಗಿಸಿಟ್ಟುಕೊಳ್ಳಬೇಕು. ಇದೇ ವಜ್ರಲೇಪ. ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ನೀರು ಹಾಕಿ ಕಾಯಿಸಿದರೆ ಕರಗುತ್ತದೆ. ಬಿಳಿಯ ಮಣ್ಣನ್ನು ಇದರೊಡನೆ ಕಲಸಿ ಗೋಡೆಗೆ ಮೂರು ಬಾರಿ ಬಳಿದು ನುಣುಪು ಮಾಡಬೇಕು. ಕುಂಚಕ್ಕೆ ಕರುವಿನ ಕಿವಿಯ ಕೂದಲು. ಅದನ್ನು ಅರಗಿನಿಂದ ಅಂಟಿಸಬೇಕು. ದಪ್ಪ, ಮಧ್ಯಮ, ಸೂಕ್ಷ್ಮವೆಂದು ಮೂರು ತೆರ. ಮೊದಲ ರೇಖೆಗೆ ಕಾಡಿಗೆಯನ್ನು ಅನ್ನದೊಡನೆ ಅರೆದು ಮಾಡಿದ ಬತ್ತಿ. ಚಿನ್ನವನ್ನು ಹಚ್ಚಿದ ಮೇಲೆ ಹಂದಿಯ ದಾಡೆಯಿಂದ ತಿಕ್ಕಿ ಹೊಳಪು ಕೊಡಬೇಕು. ಇಷ್ಟನ್ನು ಹೇಳಿದ ಲೇಖಕನು ಬಣ್ಣದ ಮಾತಿಗೆ ಬಂದಾಗಲೂ ಅದೇ ರೀತಿಯಲ್ಲಿ ಮಾತನಾಡುತ್ತಾನೆಂದು ನಾವು ನಿರೀಕ್ಷಿಸಬೇಕು. ಅವನು ಹಾಗೆಯೇ ಮಾತನಾಡುತ್ತಾನೆ.

ಬಿಳಿಯೆಂದರೆ ಶಂಖದ ಪುಡಿ. ಹಳದಿಯೆಂದರೆ ಹರಿತಾಳ. ಕಪ್ಪೆಂದರೆ ಕಾಡಿಗೆ. ಕೆಂಪು ಮಾತ್ರ ಒಂದಲ್ಲ, ಮೂರು: ದರದವೆಂಬ ಇಂಗುಲೀಕ, ಅಲಕ್ತಕವೆಂಬ ಅರಗಿನ ರಸ, ಗೈರಿಕವೆಂಬ ಕಾವಿಮಣ್ಣು. ನೀಲಕ್ಕೆ ನೀಲಿಗಿಡದ ರಸವೂ ರಾಜಾವರ್ತವೆಂಬ ಕಲ್ಲೂ ಬರುತ್ತವೆ. ಇವುಗಳ ಮೇಳನದಿಂದ ಹುಟ್ಟುವ ಬಣ್ಣಗಳನ್ನು ಮುಂದೆ ಹೇಳಿದೆ. ಇಂಗುಲೀಕಕ್ಕೆ ಶಂಖ ಸೇರಿದರೆ ಕೆಂದಾವರೆ. ಕಾಡಿಗೆಗೆ ಶಂಖ ಸೇರಿದರೆ ಹೊಗೆಯ ಛಾಯೆ. ನೀಲಿಗೆ ಶಂಖ ಸೇರಿದರೆ ಪಾರಿವಾಳದ ಬಣ್ಣ. ರಾಜಾವರ್ತವಾದರೆ ಅಗಸೆಯ ಹೂವಿನ ಬಣ್ಣ. ಹರಿತಾಳಕ್ಕೆ ನೀಲಿ ಸೇರಿದರೆ ಹಸಿರು. ಕಾವಿಗೆ ಕಾಡಿಗೆ ಸೇರಿದರೆ ಶ್ಯಾಮ. ಅರಗಿನ ರಸಕ್ಕೆ ನೀಲಿ ಸೇರಿದರೆ ನೇರಳೆಗೆ ಹತ್ತಿರವಾದ ಬಣ್ಣ.

ಪಟ್ಟಿಯೇನೋ ಹೌದು. ಆದರೆ ಈ ಕೊನೆಯ ಮೇಳನವನ್ನು ಸ್ವಲ್ಪ ನಿಂತು ನೋಡಬೇಕು. ಕೆಂಪಿಗೆ ನೀಲ ಸೇರಿದರೆ ನೇರಳೆಯೆಂದು ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕಲಿಸುತ್ತಾರೆ. ಮಗುವು ಪೆಟ್ಟಿಗೆಯಲ್ಲಿರುವ ಕಿತ್ತಳೆಗೆಂಪನ್ನೂ ನೀಲವನ್ನೂ ಕಲಸಿ ನೋಡುತ್ತದೆ. ಬರುವುದು ಕೆಸರಿನ ಬಣ್ಣ. ಇದರಲ್ಲಿ ಮಗುವಿನ ತಪ್ಪಿಲ್ಲ. ‘ಕೆಂಪು’ ಎಂಬ ಒಂದೇ ಮಾತು ಎರಡು ಬೇರೆ ವಸ್ತುಗಳನ್ನು ಮುಚ್ಚಿಟ್ಟಿದೆ. ಇಂಗುಲೀಕ ಹಳದಿಯ ಕಡೆಗೆ ಒಲಿದ ಕೆಂಪು; ಅರಗಿನ ರಸ ನೀಲದ ಕಡೆಗೆ ಒಲಿದ ಕೆಂಪು. ಹಳದಿಯ ಅಂಶವಿರುವ ಕೆಂಪಿಗೆ ನೀಲ ಬಿದ್ದರೆ ಮೂರೂ ಕೂಡಿ ಒಂದನ್ನೊಂದು ಕೊಲ್ಲುತ್ತವೆ. ನೇರಳೆ ಬೇಕಾದರೆ ಅರಗಿನ ಕೆಂಪೇ ಬೇಕು. ಇಂದಿನ ಚಿತ್ರಕಲೆಯ ಕೈಪಿಡಿಗಳಲ್ಲಿ ಪ್ರತಿಯೊಂದು ಮೂಲವರ್ಣಕ್ಕೂ ಬಿಸಿಯದೊಂದು, ತಂಪಿನದೊಂದು ಎಂದು ಎರಡೆರಡು ಬಣ್ಣಗಳನ್ನು ಇಟ್ಟುಕೊಳ್ಳಬೇಕೆಂದು ಹೇಳುವುದು ಈ ಕಾರಣಕ್ಕಾಗಿಯೇ. ಸೋಮೇಶ್ವರನು ಕಾರಣವನ್ನು ಹೇಳುವುದಿಲ್ಲ. ಆದರೆ ಮೂರು ಕೆಂಪುಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡ ಅವನು ನೀಲಿಯೊಡನೆ ಕೂಡಿಸಿದ್ದು ಅರಗನ್ನು. ಕಾಡಿಗೆಯೊಡನೆ ಕೂಡಿಸಿ ಶ್ಯಾಮವನ್ನು ಪಡೆದದ್ದು ಕಾವಿಯಿಂದ. ಈ ಆಯ್ಕೆ ಆಕಸ್ಮಿಕವೆಂದು ಹೇಳಲು ಧೈರ್ಯ ಬೇಕು.

ಹರಿತಾಳಕ್ಕೆ ಜತೆಯಾಗಿ ಶಂಖವನ್ನು ಇಟ್ಟುಕೊಂಡದ್ದರಲ್ಲಿಯೂ ಇಂಥದೇ ವಿವೇಕವನ್ನು ಕಾಣಬಹುದು. ಹರಿತಾಳ ಗಂಧಕವೂ ಶಂಖಪಾಷಾಣದ ಮೂಲಧಾತುವೂ ಕೂಡಿದ ಖನಿಜ. ಸೀಸದಿಂದ ಮಾಡಿದ ಬಿಳಿಯೊಡನೆ ಅದನ್ನು ಬೆರೆಸಿದರೆ ಕಾಲಾಂತರದಲ್ಲಿ ಕಪ್ಪಾಗುವ ಭಯವಿದೆಯೆಂದು ಐರೋಪ್ಯ ಚಿತ್ರಕಾರರು ಬಹು ಹಿಂದಿನಿಂದ ಎಚ್ಚರಿಸುತ್ತ ಬಂದಿದ್ದಾರೆ. ಶಂಖದ ಪುಡಿ ಬರಿಯ ಸುಣ್ಣದ ಜಾತಿ. ಅದಕ್ಕೆ ಆ ದೋಷವಿಲ್ಲ.

ಈ ದ್ರವ್ಯದೃಷ್ಟಿ ಸೋಮೇಶ್ವರನ ಸ್ವಂತವಲ್ಲ. ಅದರ ಬೇರು ಭರತನ ನಾಟ್ಯಶಾಸ್ತ್ರದಲ್ಲಿದೆ. ಅದೂ ಜನರು ಸಾಮಾನ್ಯವಾಗಿ ಹುಡುಕುವ ಜಾಗದಲ್ಲಲ್ಲ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ರೌದ್ರಕ್ಕೆ ಕೆಂಪು ಎಂದು ರಸಗಳಿಗೆ ಬಣ್ಣ ಹಂಚುವ ಭಾಗವನ್ನೇ ನಮ್ಮ ವಿಮರ್ಶಕರು ಪದೇಪದೇ ಉದಾಹರಿಸುತ್ತಾರೆ. ಅದು ಸಂಕೇತಗಳ ಪಟ್ಟಿ. ವರ್ಣಶಾಸ್ತ್ರಕ್ಕೆ ಅದರಿಂದ ಬರುವ ಲಾಭ ಸ್ವಲ್ಪವೇ. ನಿಜವಾದ ಶಾಸ್ತ್ರವಿರುವುದು ಆಹಾರ್ಯಾಭಿನಯದ ಅಧ್ಯಾಯದಲ್ಲಿ, ನಟನ ಮೈಗೆ ಬಣ್ಣ ಬಳಿಯುವ ಪ್ರಸಂಗದಲ್ಲಿ. ಅಲ್ಲಿ ಸ್ವಭಾವಸಿದ್ಧವಾದ ಬಣ್ಣಗಳು ನಾಲ್ಕು: ಬಿಳಿ, ನೀಲ, ಹಳದಿ, ಕೆಂಪು. ಬಿಳಿ ಹಳದಿ ಕೂಡಿದರೆ ಪಾಂಡು, ಬಿಳಿ ಕೆಂಪು ಕೂಡಿದರೆ ಪದ್ಮ, ಹಳದಿ ನೀಲ ಕೂಡಿದರೆ ಹಸಿರು, ನೀಲ ಕೆಂಪು ಕೂಡಿದರೆ ಕಷಾಯ, ಕೆಂಪು ಹಳದಿ ಕೂಡಿದರೆ ಗೌರ. ಇದಾದ ಮೇಲೆ ಭರತನು ಒಂದು ಪ್ರಮಾಣವನ್ನು ಕೊಡುತ್ತಾನೆ. ಬಲವುಳ್ಳ ಬಣ್ಣ ಒಂದು ಪಾಲಾದರೆ ದುರ್ಬಲವಾದುದು ಎರಡು ಪಾಲಿರಬೇಕು. ನೀಲವಾದರೆ ಒಂದು ಪಾಲಿಗೆ ಉಳಿದವು ನಾಲ್ಕು ಪಾಲು, ಏಕೆಂದರೆ ಎಲ್ಲ ಬಣ್ಣಗಳಲ್ಲಿ ನೀಲವೇ ಬಲಿಷ್ಠ.

ಲೆಕ್ಕಪತ್ರದ ಕಸುಬಿನವನಾದ ನನಗೆ ಶಾಸ್ತ್ರಗ್ರಂಥಗಳಲ್ಲಿ ಇಂಥ ಒಂದು ಅಂಕೆ ಸಿಕ್ಕಿದರೆ ಹತ್ತು ವಿಶೇಷಣಗಳಿಗಿಂತ ಹೆಚ್ಚು ವಿಶ್ವಾಸ ಹುಟ್ಟುತ್ತದೆ. ಬಣ್ಣಗಳನ್ನು ಸಮಪಾಲಿನಲ್ಲಿ ಕೂಡಿಸಿದರೆ ಸಮವಾದ ಫಲ ಬರುವುದಿಲ್ಲ, ಪ್ರತಿಯೊಂದಕ್ಕೂ ಇನ್ನೊಂದನ್ನು ಅದುಮುವ ಬಲ ಬೇರೆ ಬೇರೆ ಎಂಬುದು ಕೈಯಲ್ಲಿ ಕುಂಚ ಹಿಡಿದವನಿಗೆ ಮಾತ್ರ ತಿಳಿಯುವ ಸತ್ಯ. ಇಂದಿನ ಬಣ್ಣದ ಕಾರಖಾನೆಗಳಲ್ಲಿ ಈ ಬಲವನ್ನು ಅಳೆಯುವ ಪರೀಕ್ಷೆಗಳೇ ಇವೆ. 18ನೆಯ ಶತಮಾನದ ಮೊದಲಿನಲ್ಲಿ ಬರ್ಲಿನ್ ನಗರದಲ್ಲಿ ಕಂಡುಹಿಡಿದ ಪ್ರಷ್ಯನ್ ನೀಲವನ್ನು ಬಳಸಿದವರು ಭರತನ ಮಾತನ್ನು ಕೂಡಲೇ ಒಪ್ಪುವರು: ಅದರ ಒಂದು ಹನಿ ಹಳದಿಯ ಬಟ್ಟಲನ್ನೆಲ್ಲ ಹಸಿರು ಮಾಡಿಬಿಡುತ್ತದೆ. ನ್ಯೂಟನ್ನನ ವರ್ಣಚಕ್ರವನ್ನು ಎಷ್ಟು ತಿರುಗಿಸಿದರೂ ಈ ಸಂಗತಿ ಅದರಿಂದ ಹೊರಬರಲಾರದು, ಏಕೆಂದರೆ ಬೆಳಕಿನ ಕಿರಣಗಳಿಗೆ ದ್ರವ್ಯದ ಈ ಬಲವಿಲ್ಲ.

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದ ವಿಷಯವಾಗಿ ಇಲ್ಲಿ ಎರಡು ಮಾತು ಸಾಕು. ಸ್ಟೆಲ್ಲಾ ಕ್ರಾಮ್ರಿಷ್ ಅವರು ಅದನ್ನು 1924ರಲ್ಲಿ ಇಂಗ್ಲಿಷಿಗೆ ತಂದಂದಿನಿಂದ ಅದೇ ನಮ್ಮ ಚಿತ್ರಶಾಸ್ತ್ರದ ಮೂಲವೆಂಬಂತೆ ಎಲ್ಲೆಡೆಯೂ ಉಲ್ಲೇಖವಾಗುತ್ತಿದೆ. ಆದರೆ ಮೂಲವರ್ಣಗಳ ವಿಷಯದಲ್ಲಿ ಅದು ಒಂದೇ ಮಾತನ್ನು ಆಡುವುದಿಲ್ಲ. ಮೂರನೆಯ ಖಂಡದ 27ನೆಯ ಅಧ್ಯಾಯದಲ್ಲಿ ಬಿಳಿ, ಕೆಂಪು, ಹಳದಿ, ಕಪ್ಪು, ಹಸಿರು ಎಂಬ ಐದು. 40ನೆಯ ಅಧ್ಯಾಯದ ಪಟ್ಟಿಯಲ್ಲಿ ನೀಲವಿದೆ, ಕೆಂಪಿನ ಹೆಸರೇ ಇಲ್ಲ. ಅದರ ಸ್ಥಾನದಲ್ಲಿ ನೆಲ್ಲಿಕಾಯಿಯ ಬಣ್ಣವೆಂದು ಅರ್ಥಮಾಡಲಾದ ಒಂದು ಸಂದಿಗ್ಧ ಪದ ಕುಳಿತಿದೆ. ಕೆಂಪಿಲ್ಲದೆ ಚಿತ್ರ ಬರೆದ ಭಾರತೀಯ ಚಿತ್ರಕಾರನನ್ನು ನಾವು ಕಾಣೆವು. ಪಾಠವೇ ಕೆಟ್ಟಿದೆಯೆಂದು ಹೇಳುವುದು ಲೇಸು. ಬೆರಕೆಯ ಬಣ್ಣಗಳನ್ನು ಎಣಿಸಿ ಮುಗಿಸಲಾಗದು ಎಂದು ಆ ಗ್ರಂಥ ಕೈಬಿಟ್ಟ ಕಡೆಯಲ್ಲಿ ಸೋಮೇಶ್ವರನು ಎಣಿಸಲು ತೊಡಗಿದ್ದಾನೆಂಬುದೇ ಅವನ ಹೆಚ್ಚಳ.

ಆದರೂ ಚಿತ್ರಸೂತ್ರದ ಒಂದು ವಿಚಾರವನ್ನು ಬಿಡುವಂತಿಲ್ಲ, ಅದರ ಮೇಲೆ ಈಚೆಗೆ ತಪ್ಪು ಅರ್ಥವೊಂದು ಬೆಳೆದಿರುವುದರಿಂದ. ಅದರಲ್ಲಿ ‘ವರ್ತನೆ’ಯೆಂಬ ಛಾಯಾಕ್ರಮಗಳು ಮೂರು: ಎಲೆಯ ನರಗಳಂತಹ ಗೆರೆಗಳಿಂದ ಮಾಡುವುದು, ಅತಿ ಸೂಕ್ಷ್ಮವಾಗಿ ಮೆತ್ತಗೆ ಇಳಿಸುವುದು, ಬಿಂದುಗಳಿಂದ ಮಾಡುವುದು. ಈ ಮೂರನೆಯದಾದ ಬಿಂದುಜ ವರ್ತನೆಯನ್ನು ತೋರಿಸಿ, ಫ್ರಾನ್ಸಿನ ಸೂರಾ ಮಾಡಿದ ಬಿಂದುಚಿತ್ರ ನಮ್ಮಲ್ಲಿ ಮೊದಲೇ ಇತ್ತೆಂದು ಹೇಳುವವರಿದ್ದಾರೆ. ಹೋಲಿಕೆ ಕೇವಲ ಬಿಂದುವಿನದು. ನಮ್ಮ ಚಿತ್ರಕಾರನ ಬಿಂದುಗಳು ಒಂದೇ ಬಣ್ಣದವು. ಒತ್ತಾದ ಕಡೆ ನೆರಳು, ವಿರಳವಾದ ಕಡೆ ಬೆಳಕು. ಅವನು ಬಯಸಿದ್ದು ಕೆನ್ನೆಯ ಉಬ್ಬು. ಸೂರಾನ ಬಿಂದುಗಳು ಬೇರೆ ಬೇರೆ ಬಣ್ಣದವು. ಅವನು ಬಯಸಿದ್ದು ಅವು ನೋಡುವವನ ಕಣ್ಣಿನಲ್ಲಿ ಕೂಡಲೆಂದು.

ಈ ಉಬ್ಬುತಗ್ಗಿನ ವಿಚಾರದಲ್ಲಿ ಸೋಮೇಶ್ವರನು ಇನ್ನೂ ಸ್ಪಷ್ಟ. ಆಯಾ ರೂಪಕ್ಕೆ ಒಪ್ಪುವ ಬಣ್ಣವನ್ನು ತುಂಬಿದ ಮೇಲೆ, ಎತ್ತರವಾದ ಭಾಗದಲ್ಲಿ ಉಜ್ಜ್ವಲವಾಗಿಯೂ ತಗ್ಗಿನಲ್ಲಿ ಶ್ಯಾಮಲವಾಗಿಯೂ ಮಾಡಬೇಕೆಂದೂ, ಒಂದೇ ಬಣ್ಣದಲ್ಲಿಯಾದರೂ ತಾರತಮ್ಯದಿಂದ ಇದನ್ನು ಸಾಧಿಸಬೇಕೆಂದೂ ಅವನ ವಿಧಿ. ಬೆಳಕು ಎಡದಿಂದ ಬಂತೇ ಬಲದಿಂದ ಬಂತೇ ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಉಬ್ಬಿದುದೆಲ್ಲ ಬೆಳಗುತ್ತದೆ, ಇಳಿದುದೆಲ್ಲ ಮಂಕಾಗುತ್ತದೆ. ಈ ನಿಯಮಕ್ಕೆ ಅನುಸಾರವಾಗಿ ಬರೆದದ್ದೆಂದು ಬೆರಳಿಟ್ಟು ತೋರಿಸಲು ಕಲ್ಯಾಣದ ಅರಮನೆಯ ಗೋಡೆ ಇಂದು ಉಳಿದಿಲ್ಲ. ಆದರೆ ಅವನಿಗಿಂತ ಆರು ಶತಮಾನಗಳಷ್ಟು ಹಿಂದಿನ ಅಜಂತಾದ 1ನೆಯ ಗುಹೆಯಲ್ಲಿ ಪದ್ಮಪಾಣಿಯ ಮೂಗಿನ ಏಣಿನ ಮೇಲೆ ಎಳೆದ ಬೆಳಕಿನ ಗೆರೆಯನ್ನು ಕಂಡವರಿಗೆ ಈ ವಿಧಿಯ ವಯಸ್ಸು ತಿಳಿಯುತ್ತದೆ. ಶಾಸ್ತ್ರ ಬರೆದವನು ನಿಯಮವನ್ನು ಹುಟ್ಟಿಸಲಿಲ್ಲ. ಗೋಡೆಯ ಮೇಲೆ ಶತಮಾನಗಳಿಂದ ನಡೆದುಬಂದುದನ್ನು ಗುರುತುಹಾಕಿಕೊಂಡ.

ಅಜಂತಾದ ಮಾತು ಬಂದುದರಿಂದ ಒಂದು ಎಚ್ಚರಿಕೆ. ಅಲ್ಲಿನ ಹಸಿರು ಹರಿತಾಳ ಮತ್ತು ನೀಲಿಗಳ ಬೆರಕೆಯಲ್ಲ. ದಖನ್ನಿನ ಕಪ್ಪು ಬಂಡೆಗಳಲ್ಲಿಯೇ ಸಿಗುವ ಹಸಿರು ಮಣ್ಣು. ಕೆಂಪು ಹಳದಿಗಳೂ ಮಣ್ಣಿನವೇ. ನೀಲವೊಂದೇ ದೂರದಿಂದ ಬಂದ ಕಲ್ಲು. ಆದುದರಿಂದ ಶಾಸ್ತ್ರದಲ್ಲಿ ಕಂಡ ಮೇಳನವನ್ನೆಲ್ಲ ಪ್ರತಿಯೊಂದು ಗೋಡೆಯ ಮೇಲೂ ಹುಡುಕಬಾರದು. ನೀಲಿ ಮತ್ತು ಹರಿತಾಳಗಳ ಹಸಿರನ್ನು ಕಾಣಬೇಕಾದರೆ ಮುಂದಿನ ಕಾಲದ ಮೊಗಲ, ರಾಜಪೂತ ಹಸ್ತಪ್ರತಿಚಿತ್ರಗಳಿಗೆ ಹೋಗಬೇಕು. ಅಲ್ಲಿ ಅದು ರಾಸಾಯನಿಕ ಪರೀಕ್ಷೆಯಿಂದ ಸಿದ್ಧವಾಗಿದೆ. ಪುಸ್ತಕದ ಪುಟ ಮುಚ್ಚಿರುತ್ತದೆ, ಬೆಳಕಿಗೆ ತೆರೆದಿರುವುದಿಲ್ಲ. ಹರಿತಾಳ ಬೆಳಕಿಗೆ ಮಂಕಾಗುವ ದ್ರವ್ಯವಾದುದರಿಂದ ಆ ಹಸಿರು ಬಾಳಿಕೆ ಬರುವುದು ಗೋಡೆಗಿಂತ ಪುಸ್ತಕದಲ್ಲಿಯೇ.

ಇನ್ನು ಯೂರೋಪಿನ ಕಡೆಗೆ ನೋಡೋಣ. ನ್ಯೂಟನ್ನನ ‘ಆಪ್ಟಿಕ್ಸ್’ ಪ್ರಕಟವಾದದ್ದು 1704ರಲ್ಲಿ. ಕೆಳದಿಯ ಬಸವರಾಜನ ‘ಶಿವತತ್ತ್ವರತ್ನಾಕರ’ ಮುಗಿದದ್ದು 1709ರಲ್ಲಿ. ಐದು ವರ್ಷಗಳ ಅಂತರ. ಲಂಡನ್ನಿನಲ್ಲಿ ಬಣ್ಣವೆಂಬುದು ವಸ್ತುವಿನಲ್ಲಿಲ್ಲ, ಬೆಳಕಿನ ಕಿರಣಗಳ ಗುಣವೆಂದು ಸಿದ್ಧವಾಗುತ್ತಿದ್ದ ಹೊತ್ತಿನಲ್ಲಿ ಮಲೆನಾಡಿನ ಅರಸನು ಮಾನಸೋಲ್ಲಾಸದ ವಿಷಯಗಳನ್ನೇ ಬಹಳವಾಗಿ ಎತ್ತಿಕೊಂಡು ಆರು ಶತಮಾನಗಳ ಮೇಲೆಯೂ ಅದೇ ಪರಂಪರೆಯನ್ನು ಮುಂದುವರಿಸುತ್ತಿದ್ದ. ಇದನ್ನು ಓದಿ ನಾಚಿಕೊಳ್ಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ನ್ಯೂಟನ್ನನ ಸಿದ್ಧಾಂತದಿಂದ ಅಂದಿನ ಚಿತ್ರಕಾರನಿಗೆ ಕೈಗೆ ಹತ್ತಿದ ಪ್ರಯೋಜನ ಬಹಳ ಕಡಿಮೆ. ಏಳು ಬಣ್ಣದ ಕಿರಣಗಳು ಕೂಡಿದರೆ ಬಿಳಿಯ ಬೆಳಕು. ಏಳು ಬಟ್ಟಲುಗಳ ಬಣ್ಣಗಳು ಕೂಡಿದರೆ ರಾಡಿ. ಈ ಎರಡನ್ನೂ ಬೇರ್ಪಡಿಸಿ ಹೇಳಿದವನು ಒಬ್ಬ ಮುದ್ರಕ. ಯಾಕೋಬ್ ಕ್ರಿಸ್ಟಾಫ್ ಲ ಬ್ಲಾಂ ಎಂಬವನು 1725ರ ಸುಮಾರಿಗೆ ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮುಟ್ಟಬಹುದಾದ ಬಣ್ಣಗಳು ಕೂಡಿ ಕಪ್ಪಾಗುತ್ತವೆ, ಮುಟ್ಟಲಾಗದ ಬಣ್ಣಗಳು ಕೂಡಿ ಬಿಳಿಯಾಗುತ್ತವೆ ಎಂಬ ಭೇದವನ್ನು ಮಾಡಿದ. ಕೆಂಪು, ಹಳದಿ, ನೀಲ ಎಂಬ ಮೂರು ಫಲಕಗಳನ್ನು ಒಂದರ ಮೇಲೊಂದು ಒತ್ತಿ ಚಿತ್ರಗಳನ್ನು ಮುದ್ರಿಸಿದ. ಇಂದು ನಮ್ಮ ಮಾಸಪತ್ರಿಕೆಗಳ ಮುಖಪುಟ ಅಚ್ಚಾಗುವುದು ಇದೇ ತತ್ತ್ವದ ಮೇಲೆ. ಹಳದಿ ಮತ್ತು ನೀಲ ಬೆಳಕುಗಳನ್ನು ಕೂಡಿಸಿದರೆ ಹಸಿರು ಬಾರದೆಂದು ಹೆಲ್ಮ್‌ಹೋಲ್ಟ್ಸ್ ತೋರಿಸಿದ್ದು 1852ರಲ್ಲಿ. ಅಲ್ಲಿಯವರೆಗೆ ದೊಡ್ಡ ದೊಡ್ಡ ಪಂಡಿತರೂ ಭರತನ ಹಸಿರನ್ನು ಬೆಳಕಿಗೂ ಅನ್ವಯಿಸಿಕೊಂಡೇ ಇದ್ದರೆಂದು ಹೇಳಬಹುದು.

ಚಿತ್ರಕಾರರಿಗೆ ನಿಜವಾಗಿ ಉಪಯುಕ್ತವಾದ ಹೊಸ ಸಂಗತಿಯನ್ನು ಕಂಡುಹಿಡಿದವನು ಚಿತ್ರಕಾರನೂ ಅಲ್ಲ, ಭೌತಶಾಸ್ತ್ರಜ್ಞನೂ ಅಲ್ಲ. ಮಿಶೆಲ್ ಯೂಜೆನ್ ಶೆವ್ರಲ್ ರಸಾಯನಶಾಸ್ತ್ರಜ್ಞ. 1786ರಲ್ಲಿ ಹುಟ್ಟಿ 1889ರವರೆಗೆ ಬದುಕಿದ ಶತಾಯುಷಿ. 1824ರಲ್ಲಿ ಅವನನ್ನು ಪ್ಯಾರಿಸ್ಸಿನ ಗೋಬಲ್ಯಾಂ ಚಿತ್ರಗಂಬಳಿಗಳ ಕಾರ್ಯಾಲಯದಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿ ನೇಮಿಸಿದರು. ಅಲ್ಲಿ ನೇಕಾರರದೊಂದು ದೂರು ಬಂತು: ನೀಲ ಮತ್ತು ನೇರಳೆ ಬಟ್ಟೆಗಳ ನೆರಳಿಗೆಂದು ಹಾಕುವ ಕಪ್ಪು ನೂಲಿಗೆ ಕಸುವಿಲ್ಲ. ಶೆವ್ರಲ್ ಬೇರೆ ಕಾರ್ಯಾಲಯಗಳಿಂದ ಕಪ್ಪು ನೂಲುಗಳನ್ನು ತರಿಸಿ ಹೋಲಿಸಿ ನೋಡಿದ. ಗೋಬಲ್ಯಾಂದ ಕಪ್ಪಿನಲ್ಲಿ ಏನೂ ಕೊರತೆಯಿರಲಿಲ್ಲ. ಕೊರತೆ ಹುಟ್ಟುತ್ತಿದ್ದುದು ನೆರೆಯಿಂದ. ನೀಲದ ಪಕ್ಕದಲ್ಲಿ ನಿಂತ ಕಪ್ಪಿನ ಮೇಲೆ ನೀಲದ ಪೂರಕವರ್ಣವಾದ ಕಿತ್ತಳೆಯ ಛಾಯೆ ಕಣ್ಣಿನಲ್ಲಿಯೇ ಹುಟ್ಟಿಕೊಂಡು ಅದನ್ನು ಮಂಕುಮಾಡುತ್ತಿತ್ತು. ಇದರಿಂದ ಹೊರಟು ಅನೇಕ ವರ್ಷ ಪ್ರಯೋಗಗಳನ್ನು ನಡೆಸಿ ಅವನು 1839ರಲ್ಲಿ ಏಕಕಾಲಿಕ ವೈದೃಶ್ಯದ ನಿಯಮವನ್ನು ಕುರಿತ ಬೃಹದ್ಗ್ರಂಥವನ್ನು ಪ್ರಕಟಿಸಿದ. ಪಕ್ಕಪಕ್ಕದಲ್ಲಿರುವ ಎರಡು ಬಣ್ಣಗಳನ್ನು ಒಟ್ಟಿಗೆ ನೋಡಿದಾಗ ಅವು ಸಾಧ್ಯವಾದಷ್ಟು ಬೇರೆ ಬೇರೆಯಾಗಿ ಕಾಣುತ್ತವೆ. ವರ್ಣದಲ್ಲಿಯೂ ಹಾಗೆಯೇ, ಬೆಳಕು ಕತ್ತಲೆಗಳಲ್ಲಿಯೂ ಹಾಗೆಯೇ. ಕೆಂಪಿನ ಪಕ್ಕದ ಹಸಿರು ಇನ್ನೂ ಹಸಿರು. ಬಿಳಿಯ ಪಕ್ಕದ ಬೂದಿ ಇನ್ನೂ ಕಪ್ಪು. 72 ಭಾಗಗಳ ಒಂದು ವರ್ಣಚಕ್ರವನ್ನೂ ಅವನು ರಚಿಸಿದ. ದೂರು ಕೊಟ್ಟವರ ನೂಲನ್ನು ಬದಲಾಯಿಸಿ ಕಡತ ಮುಚ್ಚುವ ಮೇಲ್ವಿಚಾರಕರೇ ಎಲ್ಲ ಕಾರ್ಯಾಲಯಗಳಲ್ಲಿಯೂ ಹೆಚ್ಚು. ಈತನೊಬ್ಬ ದೂರಿನ ಮೂಲವನ್ನು ಹುಡುಕಿಕೊಂಡು ಹೋದ.

ಭರತನಿಂದ ಬಸವರಾಜನವರೆಗೆ ನಾನು ನೋಡಿದ ಯಾವ ಪ್ರಕರಣದಲ್ಲಿಯೂ ಈ ನೆರೆಯ ವಿಚಾರ ನಿಯಮದ ರೂಪದಲ್ಲಿ ಕಾಣುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದರಿಂದ ನಮ್ಮ ಚಿತ್ರಕಾರರ ಗೌರವಕ್ಕೆ ಕುಂದಿಲ್ಲ. ಅಜಂತಾದ ಚಾವಣಿಯ ಚೌಕಗಳಲ್ಲಿ ಕೆಂಪು ನೆಲ, ಕಪ್ಪು ನೆಲಗಳ ಮೇಲೆ ತಾವರೆ, ಹಂಸಗಳನ್ನು ಬಿಡಿಸಿದವನ ಕಣ್ಣಿಗೆ ನೆರೆಯ ಗುಟ್ಟು ತಿಳಿದಿತ್ತು. ಬಣ್ಣದ ಪಟ್ಟಿಗಳ ನಡುವೆ ಕಪ್ಪು ರೇಖೆ ಎಳೆದು ಎರಡನ್ನೂ ಬೆಳಗಿಸುವ ಉಪಾಯ ನಮ್ಮ ಹಳೆಯ ಚಿತ್ರಗಳಲ್ಲಿ ಎಲ್ಲೆಲ್ಲಿಯೂ ಇದೆ. ಕಣ್ಣು ಬಲ್ಲದ್ದೆಲ್ಲ ಶಾಸ್ತ್ರಕ್ಕೆ ಇಳಿಯಲಿಲ್ಲ, ಅಷ್ಟೆ. ಶಾಸ್ತ್ರಕ್ಕೆ ಇಳಿದದ್ದು ಬಟ್ಟಲಿನಲ್ಲಿ ನಡೆಯುವ ಕ್ರಿಯೆ, ಏಕೆಂದರೆ ಶಿಷ್ಯನಿಗೆ ಹೇಳಿಕೊಡಬೇಕಾದದ್ದು ಮೊದಲು ಅದೇ. ಗೋಡೆಯ ಮೇಲೆ ಯಾವುದರ ಪಕ್ಕದಲ್ಲಿ ಯಾವುದು ಎಂಬುದನ್ನು ಗುರುವು ಕೈಹಿಡಿದು ತೋರಿಸುತ್ತಿದ್ದಿರಬೇಕು. ಹಾಗೆ ತೋರಿಸುವ ಗುರು ಇಲ್ಲದ ದಿನ ಆ ಭಾಗ ಉಳಿಯಲಿಲ್ಲ.

ಶೆವ್ರಲನ ಶಾಸ್ತ್ರವನ್ನು ಪೂರ್ತಿಯಾಗಿ ನಂಬಿದ ಚಿತ್ರಕಾರನ ಗತಿಯೇನಾಯಿತೆಂಬುದೂ ಹೇಳತಕ್ಕ ಕಥೆ. ಜಾರ್ಜ್ ಸೂರಾ ಶೆವ್ರಲನನ್ನೂ, ಅಮೆರಿಕದ ಆಗ್ಡನ್ ರೂಡ್ 1879ರಲ್ಲಿ ಬರೆದ ವರ್ಣಶಾಸ್ತ್ರವನ್ನೂ ಅಭ್ಯಾಸಮಾಡಿದವನು. 1884ರಿಂದ 1886ರವರೆಗೆ ದುಡಿದು, ಎರಡು ಮೀಟರು ಎತ್ತರ ಮೂರು ಮೀಟರು ಅಗಲದ ಬಟ್ಟೆಯ ಮೇಲೆ ಗ್ರಾಂದ್ ಜಾತ್ ದ್ವೀಪದ ಭಾನುವಾರದ ಅಪರಾಹ್ನವನ್ನು ಚುಕ್ಕೆ ಚುಕ್ಕೆಯಾಗಿ ಬಿಡಿಸಿದ. ಈಗ ಅದು ಶಿಕಾಗೊ ನಗರದಲ್ಲಿದೆ. ಪೂರಕವರ್ಣಗಳ ಚುಕ್ಕೆಗಳು ಕಣ್ಣಿನಲ್ಲಿ ಕೂಡಿ ಬಟ್ಟಲಿನ ಬೆರಕೆಗಿಂತ ಹೆಚ್ಚು ಬೆಳಗುತ್ತವೆಂಬುದು ಆ ಪಂಥದ ನಂಬಿಕೆ. ವಾಸ್ತವವಾಗಿ ಕಣ್ಣಿನಲ್ಲಿ ಕೂಡುವ ಚುಕ್ಕೆಗಳು ತಮ್ಮ ಸರಾಸರಿಯಷ್ಟೇ ಬೆಳಗಬಲ್ಲವು. ದೂರ ನಿಂತರೆ ಪೂರಕಗಳು ಬೂದಿಯತ್ತ ಜಾರುತ್ತವೆ. ಅದಿರಲಿ. ಬಿಸಿಲನ್ನು ತೋರಿಸಲು ಅವನು ಬಳಸಿದ್ದು ಸತುವಿನಿಂದ ಮಾಡಿದ ಹೊಸ ಹಳದಿ. ಕೆಲವೇ ವರ್ಷಗಳಲ್ಲಿ ಅದು ಕಂದಿತು. ಅವನ ಮಿತ್ರನೂ ವಿಮರ್ಶಕನೂ ಆದ ಫೆಲಿಕ್ಸ್ ಫೆನೆಯೋ 1892ರಲ್ಲಿಯೇ ಆ ಚಿತ್ರದ ಕಾಂತಿ ಹೋಯಿತೆಂದು ಮರುಗಿದ. ಹಳದಿಯ ಚುಕ್ಕೆ ಮಣ್ಣಿನ ಬಣ್ಣಕ್ಕೆ ತಿರುಗಿದಾಗ ಅದರ ನೆರೆಯೂ ತಪ್ಪಿತು, ಲೆಕ್ಕವೂ ತಪ್ಪಿತು. ಬಣ್ಣವನ್ನು ಕೇವಲ ಅನುಭವವೆಂದು ಎಣಿಸಿ ದ್ರವ್ಯವನ್ನು ಅಂಗಡಿಯವನಿಗೆ ಬಿಟ್ಟುಕೊಟ್ಟದ್ದರ ಫಲವಿದು. ಶಂಖ ಸುಟ್ಟವನೂ ಅರಗು ಕಾಯಿಸಿದವನೂ ಕುಂಚ ಹಿಡಿದವನೂ ಒಬ್ಬನೇ ಆಗಿದ್ದ ಕಾಲದಲ್ಲಿ ಬಣ್ಣ ಮಾಸುತ್ತಿರಲಿಲ್ಲವೆಂದಲ್ಲ. ಯಾವುದು ಮಾಸುತ್ತದೆಂಬುದು ಅವನಿಗೆ ತಿಳಿದಿರುತ್ತಿತ್ತು.

ಕೊನೆಗೆ ನಮ್ಮ ಪರಿಭಾಷೆಯ ಪ್ರಶ್ನೆ. ಅಮೆರಿಕದ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಬಣ್ಣವನ್ನು ಹ್ಯೂ, ವ್ಯಾಲ್ಯೂ, ಕ್ರೋಮಾ ಎಂಬ ಮೂರು ಅಳತೆಗಳಿಂದ ಗುರುತಿಸುವ ಪದ್ಧತಿಯನ್ನು ಹಾಕಿಕೊಟ್ಟ. ಇಂದು ಚಿತ್ರಕಾರರೂ ಮುದ್ರಕರೂ ಬಳಸುವ ಮಾತುಗಳು ಇವೇ. ಕನ್ನಡದಲ್ಲಿ ಚಿತ್ರಕಲೆಯನ್ನು ಕುರಿತು ಬರೆಯುವವರು ಇವಕ್ಕೆ ಒಬ್ಬೊಬ್ಬರು ಒಂದೊಂದು ಪದವನ್ನು ಕಟ್ಟಿಕೊಳ್ಳುತ್ತಿದ್ದಾರೆ. ಒಬ್ಬರ ‘ಛಾಯೆ’ ಇನ್ನೊಬ್ಬರ ‘ವರ್ಣ’. ಹ್ಯೂ ಎಂಬುದಕ್ಕೆ ‘ವರ್ಣ’ವೆಂದೇ ಇಟ್ಟುಕೊಳ್ಳಬಹುದು. ವ್ಯಾಲ್ಯೂ ಎಂಬುದಕ್ಕೆ ಸೋಮೇಶ್ವರನ ಉಜ್ಜ್ವಲ ಶ್ಯಾಮಲಗಳ ‘ತಾರತಮ್ಯ’ ಅಚ್ಚುಕಟ್ಟಾಗಿ ಒಪ್ಪುತ್ತದೆ. ಒಂದೇ ಬಣ್ಣದಲ್ಲಿಯಾದರೂ ಎಂದು ಅವನು ಸೇರಿಸಿದ್ದರಿಂದ ಅರ್ಥದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕ್ರೋಮಾ ಎಂಬುದಕ್ಕೆ ಭರತನ ‘ಬಲ’ವನ್ನು ತರುವ ಆಸೆಯಾಗುತ್ತದೆ, ಆದರೆ ತರಬಾರದು. ಭರತನ ಬಲ ಬೆರಕೆಯಲ್ಲಿ ಇನ್ನೊಂದನ್ನು ಅದುಮುವ ಶಕ್ತಿ. ಮನ್ಸೆಲನ ಕ್ರೋಮಾ ಬಣ್ಣವು ಬೂದಿಯಿಂದ ಎಷ್ಟು ದೂರ ನಿಂತಿದೆಯೆಂಬುದರ ಅಳತೆ. ನೀಲಿಯ ರಸಕ್ಕೆ ಮೊದಲನೆಯದು ಬಹಳ, ಎರಡನೆಯದು ಅಷ್ಟಿಲ್ಲ. ಈ ಮೂರನೆಯ ಅಳತೆಗೆ ಸಂಸ್ಕೃತಕ್ಕೆ ಹೋಗುವ ಮೊದಲು ಕನ್ನಡವನ್ನೇ ಒಮ್ಮೆ ಕೇಳಿ ನೋಡುವುದು ಒಳ್ಳೆಯದು. ಗಿಣಿಹಸಿರು, ಮಾಸಲು ಹಸಿರು ಎಂಬ ಎರಡು ಸೀರೆಗಳನ್ನು ಮುಂದಿಟ್ಟುಕೊಂಡು ಅಂಗಡಿಯಲ್ಲಿ ಕುಳಿತ ನಮ್ಮ ಮನೆಯ ಹೆಂಗಸರಿಗೆ ಈ ಭೇದ ಯಾರೂ ಹೇಳಿಕೊಡದೆಯೇ ತಿಳಿದಿದೆ.